ಬಳೆಗಾರ್ತಿಯ ಮಣಿಕಟ್ಟು

“ಬುದ್ಧಿ, ಸಾವಿನ ಬಾಯಿಂದ ಪಾರಾಗಿ ಬಂದವನು ಇನ್ನೂ ಏನಾದರೂ ಕೊಡಿ ಎಂದು ಕೇಳುವುದು ದುರಾಸೆಯಲ್ಲವೇ?” ಎಂದು ಶಿಷ್ಯ ಪಾಲಾಕ್ಷ ಗುರುಗಳನ್ನು ಕೇಳಿದ.

ಪಾಲಾಕ್ಷ ಒಂದು ವಿಮಾನ ಕಂಪನಿಯ ನೌಕರ. ಹದಿನೈದು ದಿನಗಳ ಹಿಂದೆ ಆ ಕಂಪನಿಯ ವಿಮಾನವೊಂದು ಇಳಿಯುವಾಗ ರನ್‌ವೇ ಬಿಟ್ಟು ಜಾರಿತ್ತು. ಯಾರೂ ಸತ್ತಿರಲಿಲ್ಲ. ಕೆಲವರ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ಅವರ ಬಳಿಗೆ ಹೋಗಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುವುದು ಪಾಲಾಕ್ಷನಿಗೆ ವಹಿಸಿದ ಕೆಲಸ. ಕಂಪನಿ ಕೊಟ್ಟಷ್ಟನ್ನು ಪಡೆದು ತಾನು ತೃಪ್ತನಾಗಿದ್ದೇನೆ, ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ಪ್ರಯಾಣಿಕ ಒಪ್ಪಿಕೊಳ್ಳುವ ಕಾಗದ ಅದು. ಹನ್ನೊಂದು ಜನ ತೃಪ್ತರಾಗಿದ್ದರು. ಕಾಲು ಮುರಿದ ಒಬ್ಬ ಲಾರಿ ಚಾಲಕ ಮಾತ್ರ ತೃಪ್ತನಾಗಲು ಒಪ್ಪುತ್ತಿರಲಿಲ್ಲ.

“ಮಧ್ಯಾಹ್ನ ಮತ್ತೆ ಅವನ ಹತ್ತಿರ ಹೋಗಬೇಕು, ಬುದ್ಧಿ. ತೃಪ್ತಿಯ ಬಗ್ಗೆ ತಾವೊಂದು ಕತೆ ಹೇಳಿದರೆ ಅದನ್ನೇ ಅವನಿಗೂ ಹೇಳುತ್ತೇನೆ. ನನ್ನ ಮಾತು ಅವನ ಕಿವಿಗೆ ಹೋಗುತ್ತಿಲ್ಲ. ತಮ್ಮ ಮಾತಾದರೆ ಹೋದೀತು.”

ಕತೆ ಬೇಕೆಂದು ಬಂದವರನ್ನು ಗುರುಗಳು ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ. ಕೂರಲು ಹೇಳಿ, ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರ್ತಿ ಇದ್ದಳು. ಅವಳ ಕಸುಬಿನಲ್ಲಿ ಬಳೆ ಮಾರುವುದು ಸಣ್ಣ ಭಾಗ, ತೊಡಿಸುವುದು ದೊಡ್ಡ ಭಾಗ. ಹೆಂಗಸರ ಕೈಯನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈ ಹೆಬ್ಬೆರಳಿನಿಂದ ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಬೇಕು. ನೋವಾಗುವ ಮೊದಲೇ ಗಾಜಿನ ಬಳೆ ಮಣಿಕಟ್ಟಿಗೆ ದಾಟಿರಬೇಕು. ಈ ಕೆಲಸದಲ್ಲಿ ಅವಳಿಗೆ ಹೆಸರಿತ್ತು. ಅವಳಿಂದ ಬಳೆ ತೊಡಿಸಿಕೊಂಡು ಬೆಳೆದ ಒಬ್ಬ ಹುಡುಗಿ ಮದುವೆಯಾಗಿ ದೆಹಲಿಗೆ ಹೋಗಿದ್ದಳು. ತನ್ನ ಸೀಮಂತಕ್ಕೆ ಅವಳೇ ಬಂದು ಬಳೆ ತೊಡಿಸಬೇಕು ಎಂದು ಹಟ ಹಿಡಿದು, ವಿಮಾನದ ಟಿಕೆಟ್ ಕಳಿಸಿದಳು.

ವಿಮಾನ ನಿಲ್ದಾಣದಲ್ಲಿ ಬಳೆಯ ಪೆಟ್ಟಿಗೆಗೆ ‘ಒಡೆಯುವ ವಸ್ತು, ಜೋಪಾನ’ ಎಂದು ಚೀಟಿ ಅಂಟಿಸಿದರು. ಬಳೆಗಾರ್ತಿಗೆ ಅಂಟಿಸಲಿಲ್ಲ. ದೆಹಲಿಯಲ್ಲಿ ವಿಮಾನ ನೆಲಕ್ಕೆ ಬಡಿದು ರನ್‌ವೇಯಿಂದ ಹೊರಗೆ ಹೋಯಿತು. ತಲೆಯ ಮೇಲಿನ ಗೂಡಿನಿಂದ ಯಾರದೋ ಸೂಟ್‌ಕೇಸ್ ಹಾರಿ ಅವಳ ಬಲಗೈ ಮೇಲೆ ಬಿತ್ತು. ಪೆಟ್ಟಿಗೆಯಲ್ಲಿದ್ದ ಬಳೆ ಒಂದೂ ಒಡೆದಿರಲಿಲ್ಲ. ಅವಳ ಮಣಿಕಟ್ಟು ಎರಡು ಕಡೆ, ಹೆಬ್ಬೆರಳು ಒಂದು ಕಡೆ ಮುರಿದಿತ್ತು.

ಮೂರನೆಯ ದಿನ ಕಂಪನಿಯ ಅಧಿಕಾರಿಯೊಬ್ಬ ಆಸ್ಪತ್ರೆಗೆ ಬಂದ. ನಮ್ಮ ಕಡೆಯವನೇ. ಅವಳ ಭಾಷೆ ಬರುತ್ತದೆ ಎಂದು ಹುಡುಕಿ ಕಳಿಸಿದ್ದರು. ಬುಟ್ಟಿಯಲ್ಲಿ ಹಣ್ಣು ತಂದಿದ್ದ.

“ಅಮ್ಮಾ, ನಿಮ್ಮ ಪುಣ್ಯ ದೊಡ್ಡದು” ಎಂದ. “ಆವತ್ತಿನ ಗಾಳಿ ಅಂಥದ್ದು. ಅದು ದೇವರ ಇಚ್ಛೆ, ಯಾರ ಕೈಲೂ ಇಲ್ಲ. ನಮ್ಮ ಪೈಲಟ್ ಗಟ್ಟಿಗರಾಗಿದ್ದಕ್ಕೆ ನೀವು ಉಳಿದಿರಿ.”

“ಅಂದ್ರೆ ಮುರಿದದ್ದು ದೇವರು, ಉಳಿಸಿದ್ದು ನೀವು” ಎಂದಳು ಬಳೆಗಾರ್ತಿ. “ಗೊತ್ತಾಗದೆ ನಾನು ದೇವರಿಗೆ ಹರಕೆ ಹೊತ್ತುಬಿಟ್ಟೆನಲ್ಲಪ್ಪ! ನಿಮಗೆ ಕೈ ಮುಗಿಯೋಣ ಅಂದ್ರೆ ಈಗ ಒಂದೇ ಕೈ ಇರೋದು.”

ಇಂಥ ಕಡೆ ನಗಬೇಕೋ ಬೇಡವೋ ಎಂಬುದನ್ನು ಅವನಿಗೆ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಅವನು ಕಾಗದ ತೆಗೆದ. ಬಲಗೈಗೆ ಪಟ್ಟಿ ಹಾಕಿದ್ದಾರೆಂದು ತಿಳಿದಿದ್ದರಿಂದ ಇಂಕ್ ಪ್ಯಾಡನ್ನೂ ತಂದಿದ್ದ. ಎಡಗೈ ಹೆಬ್ಬೆಟ್ಟು ಸಾಕು ಎಂದ.

“ಏನು ಬರೆದಿದೆ ಇದರಲ್ಲಿ?”

“ಕಂಪನಿ ಪ್ರೀತಿಯಿಂದ ಕೊಡೋ ನೆರವು, ಅಷ್ಟೇ.”

“ಹಣ್ಣೂ ಪ್ರೀತಿಯಿಂದಲೇ ಕೊಟ್ಟೆ. ಅದಕ್ಕೆ ಹೆಬ್ಬೆಟ್ಟು ಕೇಳಲಿಲ್ಲವಲ್ಲ. ಓದಪ್ಪ, ಕೇಳೋಣ.”

ಅಧಿಕಾರಿ ಓದಿದ. ಅವಳಾಗಲಿ, ಅವಳ ಮಕ್ಕಳಾಗಲಿ, ಅವರ ವಾರಸುದಾರರಾಗಲಿ ಯಾವ ನ್ಯಾಯಾಲಯದಲ್ಲೂ ಯಾವ ಕಾರಣಕ್ಕೂ ಇನ್ನು ಏನನ್ನೂ ಕೇಳತಕ್ಕದ್ದಲ್ಲ ಎಂಬ ಸಾಲು ಬಂದಾಗ ಅವನ ದನಿ ಸ್ವಲ್ಪ ಇಳಿಯಿತು. ಬಳೆಗಾರ್ತಿಗೆ ಕೇಳಿಸಿತು.

“ನನ್ನ ಮಗಳಿಗೆ ಇನ್ನೂ ಗಂಡು ನೋಡಿಲ್ಲ” ಎಂದಳು. “ಅವಳ ಮಕ್ಕಳ ಹೆಬ್ಬೆಟ್ಟನ್ನೂ ಈಗಲೇ ಒತ್ತಿಸಿಕೊಳ್ತೀಯಾ?”

ಅಧಿಕಾರಿ ಕಾಗದ ಮಡಚಿದ. ಅವನು ಕೆಟ್ಟವನಲ್ಲ, ಅವಸರದವನು. “ನಿಮ್ಮಿಷ್ಟ, ಅಮ್ಮಾ. ಆದರೆ ಕೋರ್ಟಿಗೆ ಹೋದರೆ ತಪ್ಪು ನಮ್ಮದು ಅಂತ ನೀವು ತೋರಿಸಬೇಕಾಗುತ್ತೆ. ಗಾಳಿಯ ವೇಗ, ಚಕ್ರ, ಬ್ರೇಕು, ಇದೆಲ್ಲ ನಿಮಗೆ ಅರ್ಥವಾಗುತ್ತಾ?”

“ಇಲ್ಲಪ್ಪ. ನಿನಗೆ ಬಳೆ ವಿಷಯ ಅರ್ಥವಾಗುತ್ತಾ?”

“ಅದರಲ್ಲಿ ಅರ್ಥವಾಗೋಕೇನಿದೆ?”

“ನಿನ್ನ ಹೆಂಡತಿಗೆ ನಾನು ಬಳೆ ತೊಡಿಸ್ತಾ ಇರುವಾಗ ಒಂದು ಬಳೆ ಒಡೆಯಿತು ಅನ್ನು. ಅದರ ಕಾಸು ಯಾರು ಕೊಡಬೇಕು?”

“ಯಾರೂ ಕೊಡಲ್ಲ. ತೊಡಿಸುವಾಗ ಒಡೆದದ್ದು ಬಳೆಗಾರರದೇ.”

“ಗಾಜು ತೆಳು ಇತ್ತಾ, ನಾನು ಜೋರಾಗಿ ಒತ್ತಿದೆನಾ, ಅವಳ ಕೈಯೇ ಬಿರುಸಾ ಅಂತ ಯಾರಾದರೂ ವಿಚಾರಣೆ ಮಾಡ್ತಾರಾ?”

“ಇಲ್ಲ.”

“ಯಾಕೆ ಮಾಡಲ್ಲ? ಅವಳ ಕೈ ನನ್ನ ಕೈಯಲ್ಲಿತ್ತು, ಅದಕ್ಕೆ. ಅವಳೇ ಕೈ ಕಿತ್ತುಕೊಂಡು ಒಡೆದರೆ ಆ ಮಾತು ಬೇರೆ. ನಾನು ನಿಮ್ಮ ವಿಮಾನದಲ್ಲಿ ಕೂತಿದ್ದೆ. ನೀವು ಕಟ್ಟಿಕೊಳ್ಳಿ ಅಂದ ಬೆಲ್ಟನ್ನ ನೀವು ಬಿಚ್ಚಿ ಅನ್ನೋವರೆಗೆ ಬಿಚ್ಚಲಿಲ್ಲ. ಇನ್ನು ನೀನು ಹೊರಡು, ಹಣ್ಣು ಇಟ್ಟುಹೋಗು.”

ಊರಿಗೆ ಬಂದ ಮೇಲೆ ಬಳೆಗಾರ್ತಿ ನ್ಯಾಯಾಲಯದ ಆವರಣದಲ್ಲಿರುವ ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು. ಅಲ್ಲಿ ಒಬ್ಬ ವಕೀಲರು ಕಾನೂನಿನ ಪುಸ್ತಕ ತೆರೆದು ಅರ್ಧ ಗಂಟೆ ವಿವರಿಸಿದರು. ವಿಮಾನದೊಳಗೆ, ಅಥವಾ ಹತ್ತುವಾಗ ಇಳಿಯುವಾಗ, ಅಪಘಾತದಿಂದ ಪ್ರಯಾಣಿಕನ ಮೈಗೆ ಪೆಟ್ಟಾದರೆ ಒಂದು ಮಿತಿಯವರೆಗೆ ಕಂಪನಿಯೇ ಹೊಣೆ. ತಪ್ಪು ಯಾರದೆಂದು ಪ್ರಯಾಣಿಕ ತೋರಿಸಬೇಕಿಲ್ಲ. ಪ್ರಯಾಣಿಕನೇ ಎಡವಟ್ಟು ಮಾಡಿಕೊಂಡಿದ್ದರೆ ಮಾತ್ರ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಆ ಮಿತಿಗಿಂತ ಹೆಚ್ಚು ಕೇಳಿದರೆ, ತನ್ನ ತಪ್ಪಿಲ್ಲ ಎಂದು ತೋರಿಸುವ ಕೆಲಸ ಕಂಪನಿಯದು. ಇದನ್ನೆಲ್ಲ ಕೇಳಿದ ಬಳೆಗಾರ್ತಿ, “ಇಷ್ಟಕ್ಕೆ ಇಷ್ಟು ದಪ್ಪ ಪುಸ್ತಕವೇ ಸ್ವಾಮಿ?” ಎಂದಳು. ಕಾನೂನು ಬರೆದವರು ಯಾವ ಬಳೆಗಾರ್ತಿಯನ್ನು ಕೇಳಿ ಬರೆದರೋ ತಿಳಿಯದು.

ವಕೀಲರು ಇನ್ನೊಂದು ಮಾತು ಹೇಳಿದರು. ದಾವೆ ಹೂಡಲು ಎರಡು ವರ್ಷ ಮಾತ್ರ ಸಮಯ. ಅದು ಕಳೆದ ಮರುದಿನ ಹೋದರೆ ಕೈ ಎಷ್ಟೇ ಮುರಿದಿದ್ದರೂ ಕಾನೂನಿನ ಕಣ್ಣಿಗೆ ಕಾಣುವುದಿಲ್ಲ.

ಅಧಿಕಾರಿ ಪ್ರತಿ ಹಬ್ಬಕ್ಕೂ ಫೋನ್ ಮಾಡಿ ಶುಭಾಶಯ ಹೇಳುತ್ತಿದ್ದ. ಮೇಲಿನವರೊಂದಿಗೆ ಮಾತಾಡುತ್ತಿದ್ದೇನೆ, ಇನ್ನೊಂದು ತಿಂಗಳು ಕಾಯಿರಿ ಎನ್ನುತ್ತಿದ್ದ. ಕಾಯುತ್ತೇನಪ್ಪ ಎಂದು ಅವಳೂ ಅನ್ನುತ್ತಿದ್ದಳು. ಐದನೆಯ ತಿಂಗಳಲ್ಲೇ ದಾವೆ ಹೂಡಿದ್ದಳು. ಕಾಯುವುದಕ್ಕೂ ದಾವೆಗೂ ವಿರೋಧವಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ನ್ಯಾಯಾಲಯದಲ್ಲಿ ಕಂಪನಿಯ ಪರವಾಗಿ ಒಬ್ಬ ವಕೀಲೆ ನಿಂತಳು. ಚಿಕ್ಕ ವಯಸ್ಸಿನ, ಚುರುಕಾದ ಹೆಣ್ಣುಮಗಳು. ಅವಳ ಬಳಿ ವೈದ್ಯರ ವರದಿ ಇತ್ತು. ಈಕೆ ಅನ್ನ ಕಲಸಬಲ್ಲಳು, ಲೋಟ ಎತ್ತಬಲ್ಲಳು, ಸೀರೆ ಉಡಬಲ್ಲಳು, ಆದ್ದರಿಂದ ಕೈ ಗುಣವಾಗಿದೆ ಎಂದು ವರದಿ ಹೇಳುತ್ತಿತ್ತು.

“ಲೋಟ ಎತ್ತಿ ನಾನು ಹೊಟ್ಟೆ ಹೊರೀತಿರಲಿಲ್ಲ, ಸ್ವಾಮಿ” ಎಂದಳು ಬಳೆಗಾರ್ತಿ ನ್ಯಾಯಾಧೀಶರಿಗೆ. “ಅಪ್ಪಣೆ ಕೊಟ್ಟರೆ ನನ್ನ ಕೆಲಸ ಮಾಡಿ ತೋರಿಸ್ತೀನಿ. ಆಗುತ್ತೋ ಇಲ್ಲವೋ ತಾವೇ ನೋಡಿ.”

ನ್ಯಾಯಾಧೀಶರು ಒಪ್ಪಿದರು. ನ್ಯಾಯಾಲಯದಲ್ಲಿ ಆ ಹೊತ್ತಿಗೆ ಬೇರೆ ಹೆಂಗಸರಿರಲಿಲ್ಲ. ಕಂಪನಿಯ ವಕೀಲೆಯೇ ಕೈ ಚಾಚಬೇಕಾಯಿತು. ಬಳೆಗಾರ್ತಿ ಆ ಕೈಯನ್ನು ಎಡಗೈಯಲ್ಲಿ ಹಿಡಿದಳು. ತಾನು ತಂದಿದ್ದ ಗಾಜಿನ ಬಳೆಯೊಂದನ್ನು ಬಲಗೈಯಿಂದ ಬೆರಳುಗಳ ಮೇಲೆ ಸರಿಸಿದಳು. ಬಳೆ ಗೆಣ್ಣಿನ ಬಳಿ ನಿಂತಿತು. ಅಲ್ಲಿ ಹೆಬ್ಬೆರಳು ಒತ್ತಬೇಕು. ಅದು ಒತ್ತಲಿಲ್ಲ. ಅವಳು ಮತ್ತೆ ಪ್ರಯತ್ನಿಸಿದಳು. ಹಣೆಯಲ್ಲಿ ಬೆವರು ಬಂತು. ಬಳೆ ಚಟ್ಟನೆ ಒಡೆಯಿತು.

“ಅಯ್ಯೋ, ಚುಚ್ಚಿತೇನವ್ವ?” ಎಂದಳು ಬಳೆಗಾರ್ತಿ. ವಕೀಲೆಯ ಕೈ ತಿರುಗಿಸಿ ನೋಡಿ, ಗಾಜಿನ ಚೂರು ಒರೆಸಿದಳು. “ಇದಕ್ಕೆ ನೀನು ಕಾಸು ಕೊಡೋ ಹಾಗಿಲ್ಲ, ಮಗಾ. ಇದು ನಂದು.”

ಅವಳು ಅದನ್ನು ವಾದಕ್ಕಾಗಿ ಹೇಳಿರಲಿಲ್ಲ. ಮೂವತ್ತು ವರ್ಷದಿಂದ ಹೇಳುತ್ತಿದ್ದ ಮಾತು, ಬಾಯಿಗೆ ಬಂತು. ನ್ಯಾಯಾಧೀಶರು ಇನ್ನೇನಾದರೂ ಪ್ರಶ್ನೆ ಇದೆಯೇ ಎಂದು ವಕೀಲೆಯನ್ನು ಕೇಳಿದರು. ಅವಳು ಇಲ್ಲ ಎಂದು ತನ್ನ ಜಾಗಕ್ಕೆ ಹೋಗಿ ಕೂತಳು.

ತೀರ್ಪು ಬಳೆಗಾರ್ತಿಯ ಕಡೆ ಆಯಿತು. ಗಾಳಿಯ ಬಗ್ಗೆ ಕಂಪನಿ ಬಹಳ ಹೇಳಿತ್ತು, ಆದರೆ ತನ್ನ ತಪ್ಪಿಲ್ಲ ಎಂದು ತೋರಿಸಲು ಅದರಿಂದ ಆಗಲಿಲ್ಲ. ಆಸ್ಪತ್ರೆಯ ಖರ್ಚಿಗೆ, ಪಟ್ಟ ನೋವಿಗೆ, ಕಳೆದುಹೋದ ಕಸುಬಿಗೆ ಪರಿಹಾರ ಕೊಡಬೇಕು ಎಂದಾಯಿತು. ಹೆಬ್ಬೆರಳು ಮೊದಲಿನಂತೆ ಆಗಲಿಲ್ಲ. ಅದು ನ್ಯಾಯಾಲಯದ ಕೈಯಲ್ಲಿರಲಿಲ್ಲ. ಕೈಯಲ್ಲಿದ್ದುದನ್ನು ಅದು ಮಾಡಿತು. ಬಳೆಗಾರ್ತಿ ಬಸ್ ನಿಲ್ದಾಣದ ಎದುರು ಅಂಗಡಿ ಹಾಕಿ, ತೊಡಿಸಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ದೇವರ ಹರಕೆಯನ್ನೂ ತೀರಿಸಿದಳು. ಜೀವ ಉಳಿಸಿದ್ದಕ್ಕೆ ದೇವರು, ಕೈ ಮುರಿದದ್ದಕ್ಕೆ ಕಂಪನಿ ಎಂದು ಅವಳು ಬೇರೆ ಬೇರೆ ಇಟ್ಟಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಪಾಲಾಕ್ಷ ತೊಡೆಯ ಮೇಲಿದ್ದ ಬ್ಯಾಗನ್ನು ಪಕ್ಕಕ್ಕೆ ಇಟ್ಟ. ಮತ್ತೆ ಎತ್ತಿಕೊಂಡ.

“ಈ ಕತೆಯನ್ನು ಆ ಚಾಲಕನಿಗೆ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಬುದ್ಧಿ” ಎಂದ. “ಹೆಂಡತಿ ಮಕ್ಕಳಿದ್ದಾರೆ. ಅದೂ ಅಲ್ಲದೆ, ಹನ್ನೊಂದು ಜನ ಸಹಿ ಹಾಕಿಲ್ಲವೇ? ಒಬ್ಬರನ್ನೂ ನಾನು ಬಲವಂತ ಮಾಡಿಲ್ಲ. ಎಲ್ಲವನ್ನೂ ಬಿಟ್ಟುಕೊಟ್ಟು ತೃಪ್ತರಾಗಿರುವವರೂ ಲೋಕದಲ್ಲಿ ಇರುತ್ತಾರಲ್ಲ?”

“ಇರುತ್ತಾರೆ, ಪಾಲಾಕ್ಷ. ಕತೆ ಹೇಳಬೇಡ, ಆ ಚಾಲಕನಿಗೆ ನಿನ್ನ ಕಾಗದವನ್ನೇ ಒಂದಕ್ಷರ ಬಿಡದೆ ಓದು. ಎಲ್ಲ ತಿಳಿದ ಮೇಲೂ ಅವನು ಸಹಿ ಹಾಕಿದರೆ ಇಲ್ಲಿಗೆ ಕರೆದುಕೊಂಡು ಬಾ, ಈ ಗದ್ದುಗೆಯ ಮೇಲೆ ಕೂರಬೇಕಾದವನು ಅವನು, ನಾನು ಇಳಿಯುತ್ತೇನೆ.”