ಘಾಟೋ, ಬಟ್ಟೆಯೋ

“ಬುದ್ಧಿ, ತಿಳಿದವರೇ ಮೊದಲು ಮಾಸ್ಕ್ ಬೇಡವೆಂದರು. ಈಗ ಅವರೇ ಬೇಕೇ ಬೇಕೆನ್ನುತ್ತಾರೆ. ಹೀಗೆ ಮಾತು ಬದಲಿಸುವವರನ್ನು ನಂಬುವುದು ಹೇಗೆ?” ಎಂದು ಚೆನ್ನವೀರ ಗುರುಗಳನ್ನು ಕೇಳಿದ. ಸಾಂಕ್ರಾಮಿಕ ಜ್ವರದ ದಿನಗಳವು. ಅವನ ಮಾಸ್ಕ್ ಗದ್ದದ ಕೆಳಗೆ ನೇತಾಡುತ್ತಿತ್ತು.

“ಅದನ್ನು ಮೊದಲು ಮೇಲಕ್ಕೇರಿಸಿಕೊಂಡು ಕೂತುಕೋ, ಹೇಳುತ್ತೇನೆ” ಎಂದು ಗುರುಗಳು ಕತೆ ತೆಗೆದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು, ಮಾತಿಗೆ ತೂಕ. ಹೀಗಿರುವಾಗ ಊರಿಗೆ ಕೆಮ್ಮಿನ ಜ್ವರ ಬಂತು. ಮುಟ್ಟಿದರೆ ಹರಡುತ್ತದೆಂದು ವೈದ್ಯ ತಿಳಿದ. “ಕೈ ತೊಳೆಯಿರಿ, ಮೂಗು ಬಾಯಿಗೆ ಬಟ್ಟೆ ಬೇಕಿಲ್ಲ” ಎಂದು ಡಂಗುರ ಹೊಡೆಸಿದ. ಜನ ಕೈ ತೊಳೆದರು. ಜ್ವರ ಮಾತ್ರ ಜಗ್ಗಲಿಲ್ಲ. ಕಾಳು ಆರಿಸುವ ಚಪ್ಪರದಲ್ಲಿ ಹೆಂಗಸರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ವೈದ್ಯನ ಸ್ವಂತ ತಂಗಿಯೂ ಹಾಸಿಗೆ ಹಿಡಿದಳು.

ಪಕ್ಕದಲ್ಲೇ ಮೆಣಸಿನಕಾಯಿ ಕುಟ್ಟುವ ಚಪ್ಪರ. ಅಲ್ಲಿಯ ಹೆಂಗಸರು ಮಾತ್ರ ಗುಂಡುಕಲ್ಲಿನ ಹಾಗಿದ್ದರು. ಊರಿನವರು ಅದನ್ನು ಕಂಡದ್ದೇ ತಡ, “ಘಾಟೇ ಮದ್ದು!” ಎಂದುಬಿಟ್ಟರು. ಮನೆಮನೆಯಲ್ಲೂ ಕೆಂಡಕ್ಕೆ ಮೆಣಸಿನಕಾಯಿ ಸುರಿದು ಹೊಗೆ ಕುಡಿದದ್ದೇ ಕುಡಿದದ್ದು. ಅಯ್ಯೋ, ಕಣ್ಣು ಊದಿಸಿಕೊಂಡರೇ ಹೊರತು ಜ್ವರ ಬಿಡಲಿಲ್ಲ.

ವೈದ್ಯ ಕುಟ್ಟುವ ಚಪ್ಪರಕ್ಕೆ ಹೋಗಿ ಕೂತ. ಘಾಟು ತಾಳಲಾರದೆ ಕುಟ್ಟುವ ಹೆಂಗಸರೆಲ್ಲ ಮೂಗು ಬಾಯಿಗೆ ಬಟ್ಟೆ ಬಿಗಿದಿದ್ದರು. ಅದು ಅಲ್ಲಿಯ ರೂಢಿ. ಅದೇ ಘಾಟಿನಲ್ಲಿ ದಿನವಿಡೀ ಮೂಟೆ ಹೊರುವ ಹಮಾಲರೋ, ಗಂಡಸರಿಗೆಂಥ ಬಟ್ಟೆ ಎಂದು ಮೀಸೆ ತಿರುವಿಕೊಂಡು ಬರಿಮುಖದಲ್ಲೇ ಓಡಾಡುವವರು. ಅವರಲ್ಲಿ ಅರ್ಧಕ್ಕರ್ಧ ಜನ ಜ್ವರದಿಂದ ಮಲಗಿದ್ದರು. ಹಾಗಾದರೆ ಕಾಯುತ್ತಿರುವುದು ಘಾಟಲ್ಲ, ಬಟ್ಟೆ ಎಂದು ವೈದ್ಯನಿಗೆ ಅನ್ನಿಸಿತು. ಅನ್ನಿಸಿದರೆ ಸಾಲದೆಂದು, ಕಾಳು ಆರಿಸುವವರಲ್ಲಿ ಉಳಿದವರಿಗೆ ಬಟ್ಟೆ ಕಟ್ಟಿಸಿ ಹದಿನೈದು ದಿನ ನೋಡಿದ. ಹಾಸಿಗೆ ಹಿಡಿಯುವವರು ಕಡಿಮೆಯಾಗುತ್ತ ಬಂದರು.

ಆದರೆ ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಡಂಗುರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನು ರುಮಾಲು ಬಿಚ್ಚಿ, ಬರಿದಲೆಯಲ್ಲಿ ತಾನೇ ತಮಟೆ ಬಡಿಯುತ್ತ ಬೀದಿ ಬೀದಿ ಸುತ್ತಬೇಕು. ಅಲ್ಲಿಯವರೆಗೆ ಹಾಗೆ ಸುತ್ತಿದವರು ಯಾರೂ ಇರಲಿಲ್ಲ.

“ಸುಮ್ಮನಿರಿ ವೈದ್ಯರೇ,” ಎಂದ ಊರಗೌಡ. “ಮರ್ಯಾದೆ ಹೋದ ಮೇಲೆ ನಿಮ್ಮ ಕಷಾಯವನ್ನು ಯಾರು ಕುಡಿಯುತ್ತಾರೆ?”

“ಕುಡಿಯುವುದಕ್ಕೆ ಮೊದಲು ಜನ ಉಳಿಯಬೇಕಲ್ಲ ಗೌಡರೇ!” ಎಂದ ವೈದ್ಯ.

ಅಲ್ಲೇ ನಿಂತು ರುಮಾಲು ಬಿಚ್ಚಿದ. ಅದರಲ್ಲೇ ಒಂದು ತುಂಡು ಹರಿದು ಮೂಗು ಬಾಯಿಗೆ ಬಿಗಿದುಕೊಂಡ. ತಮಟೆ ಮೊಳಗಿತು. “ನಾನು ಹೇಳಿದ್ದು ತಪ್ಪು! ಎಲ್ಲರೂ ಬಟ್ಟೆ ಕಟ್ಟಿರಿ!” ಮೊದಲ ಬೀದಿಯಲ್ಲಿ ಜನ ನಕ್ಕರು. ಎರಡನೆಯ ಬೀದಿಯಲ್ಲಿ ಕುಟ್ಟುವ ಹೆಂಗಸರು ಅವನ ಹಿಂದೆ ಹೊರಟರು. ಮೂರನೆಯ ಬೀದಿಗೆ ಬರುವಷ್ಟರಲ್ಲಿ ಹಮಾಲರೂ ಹೆಗಲ ಮೇಲಿನ ವಲ್ಲಿಯನ್ನು ಮೀಸೆ ಮುಚ್ಚುವಂತೆ ಕಟ್ಟಿಕೊಂಡಿದ್ದರು. ತಿಂಗಳು ಕಳೆಯುವುದರೊಳಗೆ ಜ್ವರ ಊರು ಬಿಟ್ಟು ಓಡಿತು. ಚೇತರಿಸಿಕೊಂಡ ತಂಗಿಯನ್ನು ಮುಂದಿಟ್ಟುಕೊಂಡು ಊರಿಗೆ ಊರೇ ವೈದ್ಯನ ಬಾಗಿಲಿಗೆ ಬಂದು ಜಯಕಾರ ಹಾಕಿತು. ಗೌಡನ ದನಿಯೇ ಎಲ್ಲರಿಗಿಂತ ಜೋರು.

ಚೆನ್ನವೀರ ಅಷ್ಟಕ್ಕೇ ಬಿಡಲಿಲ್ಲ. “ಏನೇ ಆಗಲಿ ಬುದ್ಧಿ, ವೈದ್ಯ ಮೊದಲು ಹೇಳಿದ್ದು ತಪ್ಪೇ ತಾನೆ?”

ಗುರುಗಳು ನಕ್ಕು ಹೇಳಿದರು:

“ತಪ್ಪೇ ಕಣಪ್ಪ, ಆ ತಪ್ಪನ್ನು ಹಿಡಿದವರು ಯಾರು?”