ನಿಂಗಜ್ಜಿಯ ಉದ್ಯಾಪನೆ

ಇರುವೆಗೆ ಆರು ಕಾಲು ಕೊಟ್ಟು, ಹಾವಿಗೆ ಒಂದನ್ನೂ ಕೊಡದೆ, ಇಬ್ಬರನ್ನೂ ಅವರವರ ದಾರಿಯಲ್ಲಿ ನಡೆಸುತ್ತಿರುವ ಆ ಜಗದೊಡೆಯನಿಗೆ ಮೊದಲು ಕೈಮುಗಿಯೋಣ. ಮಕ್ಕಳೇ, ಹತ್ತಿರ ಬನ್ನಿ, ಕತೆ ಶುರುವಾಯಿತು.

ಕೆಂಗಲ್ಲು ಎಂಬ ಕಾಡಿನಲ್ಲಿ ಒಂದು ಕೆರೆ. ಕೆರೆಯ ಕೋಡಿಯಿಂದ ಹರಿಯುವ ಒಂದು ಹಳ್ಳ. ಹಳ್ಳದ ಈಚೆ ದಡದ ಗವಿಯಲ್ಲಿ ನಿಂಗಜ್ಜಿ ಎಂಬ ಮುದಿ ಕರಡಿ ಇದ್ದಳು. ಆಚೆ ದಡದಲ್ಲಿ ಅವಳ ಮಗಳು ಕರಿಯವ್ವ. ನಡುವೆ ಸೇತುವೆ ಅಂತ ಇದ್ದದ್ದು ಒಂದೇ: ಗಾಳಿಗೆ ಉರುಳಿಬಿದ್ದ ಮತ್ತಿಮರದ ಕಾಂಡ.

ಆ ವರ್ಷ ಕರಿಯವ್ವ ಬಸುರಿ. ಕರಡಿಗಳಲ್ಲಿ ಒಂದು ಪದ್ಧತಿ ಉಂಟು. ಮರಿಗಳು ಗವಿಯಿಂದ ಮೊದಲ ಸಲ ಹೊರಗೆ ಕಾಲಿಟ್ಟ ದಿನ, ತಾಯಿಯ ತಾಯಿಯೇ ಅವುಗಳ ನಾಲಿಗೆಗೆ ಜೇನು ಮುಟ್ಟಿಸಬೇಕು. ಬೇರೆ ಯಾರು ಮುಟ್ಟಿಸಿದರೂ ಆಗದು. ನಿಂಗಜ್ಜಿಗೆ ಹಗಲೂ ರಾತ್ರಿ ಅದೊಂದೇ ಆಸೆ. ಆದರೆ ಹೋದ ಮಳೆಗಾಲದಲ್ಲಿ ಹುತ್ತದ ಬಳಿ ಜಾರಿಬಿದ್ದು ತಿಂಗಳುಗಟ್ಟಲೆ ಮಲಗಿದ್ದವಳು. ಅಂದಿನಿಂದ ಆ ಮತ್ತಿಮರ ಕಂಡರೆ ಸಾಕು, ಅವಳ ಮೊಣಕಾಲುಗಳು ರಾಮ ರಾಮ ಎನ್ನುತ್ತಿದ್ದವು.

ದೇವರು ಕರುಣಾಮಯಿ. ಅವಳ ಮೊರೆ ಕೇಳಿಯೋ ಏನೋ, ಆ ಕೆರೆಗೆ ಒಬ್ಬ ಕೊಕ್ಕರೆ ಮೇಷ್ಟ್ರನ್ನು ಕಳಿಸಿದ.

"ವಯಸ್ಸಾದವರೆಲ್ಲ ಬನ್ನಿ!" ಎಂದು ಮೇಷ್ಟ್ರು ಏರಿಯ ಮೇಲೆ ನಿಂತು ಕೂಗಿದರು. "ಬೀಳದ ಹಾಗೆ ನಿಲ್ಲೋದನ್ನ ಕಲಿಸ್ತೀನಿ. ಒಂದು ಮಂಡಲ, ಅಂದ್ರೆ ನಲವತ್ತೆಂಟು ದಿನದ ಪಾಠ."

ನಿಂಗಜ್ಜಿ ಹೋದಳು. ಪಕ್ಕದ ಬಿಲದ ಮುದಿ ಮುಳ್ಳುಹಂದಿ ಮುಳ್ಳಪ್ಪನೂ ಹೋದ. ಒಬ್ಬ ಹಲ್ಲುದುರಿದ ಕಾಡುಹಂದಿ, ಇಬ್ಬರು ನರೆತ ಮುಸುವ ಕೋತಿಗಳೂ ಸೇರಿಕೊಂಡರು.

"ಎಲ್ಲರೂ ಒಂದು ಕಾಲು ಎತ್ತಿ" ಎಂದರು ಮೇಷ್ಟ್ರು.

"ಯಾವುದು ಮೇಷ್ಟ್ರೇ? ನಿಮಗಾದ್ರೆ ಇರೋದೇ ಎರಡು. ನನಗೆ ನಾಲ್ಕಿವೆ" ಎಂದಳು ನಿಂಗಜ್ಜಿ.

"ಮೊದಲು ಎರಡರ ಮೇಲೆ ಎದ್ದು ನಿಲ್ಲಿ ತಾಯಿ. ಆಮೇಲೆ ಉಳಿದದ್ದರಲ್ಲಿ ಒಂದು."

ಪಕ್ಕದವರನ್ನು ಹಿಡಿದುಕೊಳ್ಳಿ ಎಂದಾಗ ಮಾತ್ರ ಮುಳ್ಳಪ್ಪನ ಪಕ್ಕ ಯಾರೂ ನಿಲ್ಲಲಿಲ್ಲ. "ಪರವಾಗಿಲ್ಲ ಬಿಡ್ರಪ್ಪ, ದೇವರು ನನಗೆ ಹುಟ್ಟುವಾಗಲೇ ಬೇಲಿ ಹಾಕಿಕೊಟ್ಟಿದ್ದಾನೆ" ಎಂದು ಅವನು ಒಂದು ಬಂಡೆ ಹಿಡಿದು ನಿಂತ.

ನಿಂಗಜ್ಜಿ ಭಕ್ತೆ. ಅವಳಿಗೆ ಇದು ಪಾಠವಾಗಿ ಕಾಣಲಿಲ್ಲ, ವ್ರತವಾಗಿ ಕಂಡಿತು. ಬೆಳಗ್ಗೆ ಎದ್ದು ಮಿಂದು, ಪೂರ್ವಕ್ಕೆ ಮುಖ ಮಾಡಿ, ಒಂದೊಂದು ಸಲ ಕಾಲೆತ್ತುವಾಗಲೂ "ಗೋವಿಂದಾ" ಎನ್ನುತ್ತಿದ್ದಳು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆದಳು. ಕೈ ಊರದೆ ಬಂಡೆಯಿಂದ ಏಳುವುದನ್ನು ಕಲಿತಳು. ನಲವತ್ತೆಂಟನೆಯ ದಿನ ಒಂಟಿಕಾಲಿನಲ್ಲಿ ಇಪ್ಪತ್ತು ಎಣಿಸುವವರೆಗೆ ನಿಂತಳು!

ಎಡವಟ್ಟಾದದ್ದು ಇಲ್ಲಿಯೇ. ವ್ರತ ಪೂರೈಸಿದ ಮೇಲೆ ಊಟ ಹಾಕಿ, ದಾನ ಕೊಟ್ಟು, "ಇಲ್ಲಿಗೆ ಸಂಪೂರ್ಣ" ಎಂದು ಕೈಮುಗಿಯುವುದಕ್ಕೆ ಉದ್ಯಾಪನೆ ಎನ್ನುತ್ತಾರೆ. ನಿಂಗಜ್ಜಿ ಅದನ್ನು ಭರ್ಜರಿಯಾಗಿ ಇಟ್ಟುಕೊಂಡಳು. ಗೆಣಸು, ನೆಲ್ಲಿಕಾಯಿ, ಜೇನು. ಮೇಷ್ಟ್ರಿಗೆಂದು ಒಂದು ಮುತ್ತುಗದ ಎಲೆಯ ತುಂಬ ಮೀನು.

ಮೇಷ್ಟ್ರು ಎದ್ದು ನಿಂತು ಹೇಳಿದರು: "ನನ್ನ ಪಾಠ ಇಂದಿಗೆ ಮುಗಿಯಿತು. ನಾಳೆಯಿಂದ ನೀವೇ..."

"ನಾಳೆ ಮಾತು ನಾಳೆಗೆ ಮೇಷ್ಟ್ರೇ! ಮೊದಲು ಪ್ರಸಾದ!" ಎಂದು ನಿಂಗಜ್ಜಿ ಅವರ ಕೊಕ್ಕಿಗೆ ಒಂದು ಮೀನು ತುರುಕಿದಳು.

ಗುಳುಂ. "ದಿನಾ ತಪ್ಪದೆ..."

ಇನ್ನೊಂದು ಮೀನು.

ಗುಳುಂ. "ನಿಲ್ಲಿಸಿದರೆ ಮಾತ್ರ..."

ಮತ್ತೊಂದು, ಸ್ವಲ್ಪ ದೊಡ್ಡದು. ಐದನೆಯ ಮೀನಿನ ಹೊತ್ತಿಗೆ ಮೇಷ್ಟ್ರಿಗೆ ಹೇಳಬೇಕಾದದ್ದೇ ಮರೆತುಹೋಯಿತು. ಮುಂದಿನ ಕೆರೆಯಲ್ಲೂ ಮುದುಕರು ಕಾಯುತ್ತಿದ್ದರು. ಭಾರವಾದ ಹೊಟ್ಟೆ ಹೊತ್ತು, ಎರಡು ಸಲ ನೀರಿಗೆ ಕಾಲು ತಾಗಿಸಿ, ಹೇಗೋ ಹಾರಿಹೋದರು.

ಮರುದಿನ ಬೆಳಗ್ಗೆ ಮುಳ್ಳಪ್ಪ ಗವಿಯ ಬಾಗಿಲಿಗೆ ಬಂದ. "ನಿಂಗಕ್ಕಾ, ಕೆರೆ ದಂಡೆಗೆ ಬರ್ತೀಯಾ? ಒಂಟಿಕಾಲಲ್ಲಿ ನಿಂತು ಬರೋಣ."

"ಅಯ್ಯೋ ಪಾಪಿ! ಉದ್ಯಾಪನೆ ಆದ ವ್ರತ ಮತ್ತೆ ಹಿಡೀತಾರೇನೋ? ದೇವರಿಗೆ ಸಿಟ್ಟು ಬರುತ್ತೆ."

"ಮೇಷ್ಟ್ರು ಕೊನೆಗೆ ಏನೋ ಹೇಳೋಕೆ ಬಂದ ಹಾಗಿತ್ತು."

"ಆಶೀರ್ವಾದ ಮಾಡೋಕೆ ಬಂದ್ರು. ಹೋಗು ಹೋಗು."

ಕಾಡುಹಂದಿಯೂ ಮುಸುವಗಳೂ "ಅಜ್ಜಿ ಹೇಳಿದ್ದೇ ಸರಿ" ಎಂದು ಸಂತೋಷದಿಂದ ಮಲಗಿಬಿಟ್ಟರು. ಮುಳ್ಳಪ್ಪನೊಬ್ಬ ಮಾತ್ರ ದಿನಾ ಗೆಣಸು ಅಗೆಯುವ ಮೊದಲು ಒಂದಿಷ್ಟು ಹೊತ್ತು ಬಂಡೆ ಹಿಡಿದು ನಿಲ್ಲುತ್ತಿದ್ದ. ನಿಂಗಜ್ಜಿ ಗವಿಯ ಬಾಗಿಲಲ್ಲಿ ಕೂತು ಜಪ ಮಾಡಿದಳು. ಕೂತಲ್ಲೇ ಎರಡು ತಿಂಗಳು ಕಳೆದವು.

ಒಂದು ದಿನ ಕಾಜಾಣ ಹಕ್ಕಿ ಸುದ್ದಿ ತಂದಿತು. "ಅಜ್ಜೀ, ಕರಿಯವ್ವನಿಗೆ ಅವಳಿ ಮರಿ! ಇನ್ನೊಂದು ತಿಂಗಳಿಗೆ ಹೊರಗೆ ತರ್ತಾಳಂತೆ. ನೀನು ಜೇನು ಹಿಡ್ಕೊಂಡು ಬರಲೇಬೇಕಂತೆ."

ನಿಂಗಜ್ಜಿಗೆ ತಡೆಯಲಾಗಲಿಲ್ಲ. "ತಿಂಗಳು ಯಾಕೆ, ಈಗಲೇ ಹೋಗಿ ಮಗಳ ಮುಖ ನೋಡಿ ಬರ್ತೀನಿ. ವ್ರತದ ಫಲ ನನ್ನ ಹತ್ತಿರ ಇದೆಯಲ್ಲ!" ಎಂದು ಹಳ್ಳದತ್ತ ಹೊರಟೇಬಿಟ್ಟಳು. ಮುಳ್ಳಪ್ಪ "ಅಕ್ಕಾ, ತಡಿ! ಅಕ್ಕಾ!" ಎಂದು ಹಿಂದೆಯೇ ಓಡಿದ.

ಮತ್ತಿಮರದ ಮೇಲೆ ಒಂದು ಹೆಜ್ಜೆ. "ಗೋವಿಂದಾ." ಎರಡನೆಯ ಹೆಜ್ಜೆ. ಮೊಣಕಾಲು ನಡುಗಿತು. ಮೂರನೆಯದಕ್ಕೆ ಕಾಲೆತ್ತಿದಳೋ ಇಲ್ಲವೋ, ಮರ ಎಡಕ್ಕೆ ಹೋದ ಹಾಗಾಯಿತು, ಆಕಾಶ ಬಲಕ್ಕೆ ಹೋಯಿತು. ನಿಂಗಜ್ಜಿ ಹಿಂದಕ್ಕೆ ಬಿದ್ದಳು. ಬಿದ್ದದ್ದು ನೀರಿಗಲ್ಲ, ಕಲ್ಲಿಗಲ್ಲ, ಹಿಡಿಯಲು ಓಡಿಬಂದಿದ್ದ ಮುಳ್ಳಪ್ಪನ ಮೇಲೆ, ಕುಂಡೆ ಊರಿ!

ಆ ಕೂಗಿಗೆ ಕೆರೆಯ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾದವು.

"ಇಡೀ ಕಾಡಲ್ಲಿ ಬೀಳೋಕೆ ಇದೇ ಜಾಗ ಹುಡುಕಿದೆಯಲ್ಲ ಅಕ್ಕಾ!" ಎಂದು ನರಳುತ್ತಾ ಮುಳ್ಳಪ್ಪ ಈಚೆ ಬಂದ. ದೇವರ ದಯೆ, ಇಬ್ಬರ ಎಲುಬೂ ಗಟ್ಟಿಯಾಗಿದ್ದವು. ನಿಂಗಜ್ಜಿಯನ್ನು ಬೋರಲು ಮಲಗಿಸಿ, ಮುಳ್ಳಪ್ಪ ತನ್ನ ಮುಳ್ಳುಗಳನ್ನು ಹಲ್ಲಿನಿಂದ ಒಂದೊಂದಾಗಿ ಕೀಳತೊಡಗಿದ.

ನಿಂಗಜ್ಜಿ ಅತ್ತಳು. ಮುಳ್ಳಿನ ನೋವಿಗಲ್ಲ. "ಮರಿಗಳ ಬಾಯಿಗೆ ಜೇನು ಮುಟ್ಟಿಸೋ ಭಾಗ್ಯ ನನಗಿಲ್ಲವಲ್ಲೋ. ವ್ರತದಲ್ಲಿ ನಾನು ಏನು ತಪ್ಪಿದೆ?"

ಮುಳ್ಳಪ್ಪ ಕೇಳಿದ: "ಅಕ್ಕಾ, ನಿನ್ನೆ ಊಟ ಮಾಡಿದೆಯಾ?"

"ಮಾಡಿದೆ. ಅಯ್ಯೋ!"

"ಮೊನ್ನೆ?"

"ಮಾಡಿದೆ. ಅಮ್ಮಾ! ಮೆಲ್ಲಗೆ ಕೀಳೋ!"

"ಹಾಗಾದ್ರೆ ಊಟಕ್ಕೆ ಉದ್ಯಾಪನೆ ಯಾವತ್ತು ಇಟ್ಕೊಂಡಿದ್ದೀಯ? ಹೇಳು, ನಾನೂ ಬರ್ತೀನಿ."

"ಊಟಕ್ಕೆ ಉದ್ಯಾಪನೆಯಾ? ತಲೆ ಕೆಟ್ಟಿದೆಯಾ ನಿನಗೆ? ಅದು ದಿನಾ ಬೇಕಲ್ಲೋ!"

ಮುಳ್ಳಪ್ಪ ಮುಂದಿನ ಮುಳ್ಳಿಗೆ ಹಲ್ಲು ಹಾಕಿದ. ಅದು ಹೊರಬಂದಾಗ ನಿಂಗಜ್ಜಿ ಕೂಗಲೂ ಇಲ್ಲ, ಯೋಚನೆಯಲ್ಲಿ ಮುಳುಗಿದ್ದಳು.

"ಹಾಗಾದ್ರೆ... ಇದು ವ್ರತ ಅಲ್ಲವಾ?"

"ಅಲ್ಲ ಅಕ್ಕ. ಇದು ನಿತ್ಯಕರ್ಮ. ಸ್ನಾನ, ಜಪ, ಊಟದ ಸಾಲಿಗೆ ಸೇರಿದ್ದು. ಮುಗಿದದ್ದು ಮೇಷ್ಟ್ರ ಪಾಠ. ನಮ್ಮ ಕಾಲು ಇನ್ನೂ ಮುಗಿದಿಲ್ಲವಲ್ಲ!"

ನಿಂಗಜ್ಜಿ ಮಲಗಿದಲ್ಲಿಂದಲೇ ಕೈಮುಗಿದಳು. "ಸ್ವಾಮಿ, ನೀನು ಕೇಳಿದ್ದು ಔತಣ ಅಲ್ಲ. ನಾನು ದಿನಾ ಎದ್ದು ನಿಲ್ಲೋದನ್ನ ನೀನು ಕೇಳಿದ್ದು. ತಪ್ಪಾಯ್ತು."

ಮರುದಿನದಿಂದ ಶುರು. ಆದರೆ ಮಕ್ಕಳೇ, ಒಬ್ಬರೇ ಮಾಡುವ ಕೆಲಸಕ್ಕೆ ಸೋಮಾರಿತನ ಬೇಗ ಜೊತೆಯಾಗುತ್ತದೆ. ಅದಕ್ಕೇ ಮುಳ್ಳಪ್ಪ ದಿನಾ ಬೆಳಗ್ಗೆ ಗವಿಯ ಬಾಗಿಲಲ್ಲಿ ನಿಂತು ಮುಳ್ಳು ಝಣಝಣ ಎನ್ನಿಸುತ್ತಿದ್ದ. ನಿಂಗಜ್ಜಿ "ಇವತ್ತು ಬೇಡ ಕಣೋ, ನಾಳೆ" ಎಂದರೆ ವಾದಕ್ಕೆ ನಿಲ್ಲುತ್ತಿರಲಿಲ್ಲ. ಬೆನ್ನು ತಿರುಗಿಸಿ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಾ ಗವಿಯೊಳಗೆ ಬರುತ್ತಿದ್ದ.

"ಬಂದೆ! ಬಂದೆ ಮಾರಾಯ!" ಎಂದು ಅಜ್ಜಿ ಕೈ ಊರದೆಯೇ ಎದ್ದುಬಿಡುತ್ತಿದ್ದಳು.

ಒಮ್ಮೆ ಮುಳ್ಳಪ್ಪನಿಗೆ ನೆಗಡಿಯಾಗಿ ಬರಲಿಲ್ಲ. ಅಂದು ನಿಂಗಜ್ಜಿಯೇ ಅವನ ಬಿಲದ ಮುಂದೆ ನಿಂತು, "ಏಳೋ! ನಿನ್ನ ಹಾಗೆ ಹಿಂದಿನಿಂದ ಬರೋಕೆ ನನಗೆ ಬರೋದಿಲ್ಲ, ಮುಂದಿನಿಂದಲೇ ಬಂದ್ರೆ ಬಿಲವೇ ಕುಸಿಯುತ್ತೆ" ಎಂದು ಗುಡುಗಿದಳು. ಗೆದ್ದಲು ಮೇಲೆ ಬರಲಿ ಎಂದು ಹುತ್ತದ ಬಳಿ ಕಾಯುವಾಗ ಒಂಟಿಕಾಲು. ನೀರಿಗೆ ಹೋಗುವಾಗ ಜಿಂಕೆದಾರಿಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು. ಈ ಗಲಾಟೆಗೆ ನಿದ್ದೆ ಕೆಟ್ಟು ಕಾಡುಹಂದಿ ಬಂದ, ಮುಸುವಗಳೂ ಬಂದರು. ನಗು ಹೆಚ್ಚಾದಷ್ಟೂ ಕಾಲು ಗಟ್ಟಿಯಾದವು.

ತಿಂಗಳು ತುಂಬಿತು. ತೇಗದೆಲೆಯಲ್ಲಿ ಸುತ್ತಿದ ಜೇನುಹುಟ್ಟು ಬಾಯಲ್ಲಿ ಕಚ್ಚಿ ನಿಂಗಜ್ಜಿ ಮತ್ತಿಮರ ಹತ್ತಿದಳು. ಬಾಯಿ ತುಂಬಿದ್ದರಿಂದ ಗೋವಿಂದನನ್ನು ಮನಸ್ಸಿನಲ್ಲೇ ಕರೆದಳು. ದಡದಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ನಟ್ಟನಡುವೆ ಪಾಚಿ! ಹಿಂಗಾಲೊಂದು ಸರ್‍ರನೆ ಜಾರಿತು. ಆದರೆ ಉಳಿದ ಕಾಲುಗಳಿಗೆ ದಿನಾ ಮಾಡಿದ್ದು ನೆನಪಿತ್ತು. ಮೈ ಒಂದು ಕಡೆಗೆ ವಾಲಿ, ತಾನಾಗಿಯೇ ನೆಟ್ಟಗಾಯಿತು. ಮುಂದಿನ ಹೆಜ್ಜೆ. ಅದರ ಮುಂದಿನದು. ಆಚೆ ದಡ!

ಎರಡು ಪುಟ್ಟ ಕರಿ ಮೂತಿಗಳು ಗವಿಯಿಂದ ಇಣುಕಿದವು. ನಿಂಗಜ್ಜಿ ನಡುಗದ ಕೈಯಿಂದ ಒಂದೊಂದು ನಾಲಿಗೆಗೂ ಜೇನು ಮುಟ್ಟಿಸಿದಳು. ಒಂದು ಮರಿ ಜೇನು ಬಿಟ್ಟು ಅಜ್ಜಿಯ ಬೆರಳನ್ನೇ ಚೀಪಿತು.

ಕರಿಯವ್ವ ಕಣ್ಣೊರೆಸಿಕೊಂಡಳು. "ಅವ್ವಾ, ದಾಟಿಬಿಟ್ಟೆಯಲ್ಲ! ಇನ್ನು ಸಾಕು. ಇಲ್ಲೇ ಆರಾಮಾಗಿ ಕೂತ್ಕೋ."

"ಕೂರೋದಾ?" ನಿಂಗಜ್ಜಿ ನಕ್ಕಳು. "ಆಚೆ ದಡದಲ್ಲಿ ನಾಲ್ಕು ಜನ ನನಗೆ ಕಾಯ್ತಿದ್ದಾರೆ ಕಣೇ. ಬೆಳಗ್ಗೆ ಹೋಗಿ ಸಂಜೆ ಬರ್ತೀನಿ. ನಾಡಿದ್ದೂ ಬರ್ತೀನಿ. ಮರಿಗಳಿಗೆ ಹೇಳಿಡು."

ನೀತಿ: ಕಲಿಕೆಗೆ ಕೊನೆಯ ದಿನ ಇರಬಹುದು, ಅಭ್ಯಾಸಕ್ಕೆ ಇಲ್ಲ, ದಿನಾ ನಡೆಸಿದ ಕಾಲು ಕೈಬಿಡುವುದಿಲ್ಲ, ಜೊತೆಗೊಬ್ಬರಿದ್ದರೆ ನಡೆಸುವುದು ಮರೆಯುವುದಿಲ್ಲ.

ಈ ಕತೆ ಕೇಳಿದ ಮಕ್ಕಳ ಕಾಲಿಗೆ ಓಟವನ್ನೂ, ಅವರ ಅಜ್ಜ ಅಜ್ಜಿಯರ ಕಾಲಿಗೆ ಬಲವನ್ನೂ, ಅವರ ಕೈಹಿಡಿದು ಜೊತೆಗೆ ನಡೆಯುವ ಮನಸ್ಸನ್ನೂ ಎಲ್ಲರಿಗೂ ಆ ಭಗವಂತ ಅನುಗ್ರಹಿಸಲಿ.