ಕಟಕ್ ಎನ್ನುವ ಕಾರು, ಅರ್ಧ ಮೀಸೆಯ ರಾಜ

ಬಸ್ಸು ಬರುವವರೆಗೆ ಒಂದು ಕಥೆ ಕೇಳಿ. ಒಂದಾನೊಂದು ಊರಿನಲ್ಲಿ ರಸ್ತೆಗಿಂತ ಗುಂಡಿಗಳೇ ಹೆಚ್ಚಾಗಿದ್ದವು. ಆ ಊರಿನಲ್ಲಿ ಗೂಳಪ್ಪ ಎಂಬ ಬಳೆಗಾರನಿದ್ದ. ಅವನಿಗೊಂದು ಕೆಂಪು ಕಾರಿತ್ತು. ಪುಟ್ಟ ಕಾರು, ಹಿಂದೆ ಡಿಕ್ಕಿಯ ಬಾಲವಿಲ್ಲ, ವಯಸ್ಸು ಇಪ್ಪತ್ತಾರು. ಇಂಜಿನ್ ಮಾತ್ರ ಮೈಗೆ ಮೀರಿದ್ದು. ಗೂಳಪ್ಪ ಆಕ್ಸಿಲರೇಟರ್ ಒತ್ತಿದನೆಂದರೆ ಕಾರು ಮುಂದೆ ಹೋಗುತ್ತಿತ್ತು, ಅದರ ನೆರಳು ಹಿಂದೆ ಉಳಿದು ಏದುಸಿರು ಬಿಡುತ್ತ ಬರುತ್ತಿತ್ತು. ಬಳೆ ಮಾರಲು ಅಷ್ಟು ವೇಗ ಯಾಕೆ ಎಂದು ನೀವು ಕೇಳಬೇಡಿ. ಅವನ ಹೆಂಡತಿಯೇ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಎದುರು ಮನೆಯ ಹಪ್ಪಳದ ತಿಪ್ಪವ್ವನಿಗೆ ನೀಲಿ ಕಾರಿತ್ತು. ಅದೂ ಪುಟ್ಟದು, ಅದಕ್ಕೂ ಬಾಲವಿಲ್ಲ, ಅದೂ ಅದೇ ವರ್ಷ ಹುಟ್ಟಿದ್ದು. ಪ್ರತಿ ಬೆಳಗ್ಗೆ ಇಬ್ಬರೂ ಚಹಾದ ಲೋಟ ಹಿಡಿದು ಅಂಗಳಕ್ಕೆ ಬಂದು ಕಾರು ಹೋಲಿಸುತ್ತಿದ್ದರು. ಪಿಕಪ್ಪಿನಲ್ಲಿ ಕೆಂಪು ಮೇಲು, ತಿರುವಿನಲ್ಲಿ ನೀಲಿ ಮೇಲು. ಕ್ಲಚ್ಚು ನೀಲಿಯದು ಮೆತ್ತಗೆ, ಹಾರನ್ನು ಕೆಂಪಿನದು ಜೋರು. ಮೈಲೇಜಿನ ಮಾತು ಬಂದಾಗ ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತಿದ್ದರು. ಹದಿನಾಲ್ಕು ವರ್ಷ ಹೋಲಿಸಿದರೂ ತೀರ್ಮಾನವಾಗಿರಲಿಲ್ಲ. ತೀರ್ಮಾನವಾಗಿಬಿಟ್ಟರೆ ಮರುದಿನ ಅಂಗಳಕ್ಕೆ ಯಾಕೆ ಬರಬೇಕು?

ಕೆಂಪು ಕಾರಿಗೆ ಒಂದೇ ಕಾಯಿಲೆ. ಡ್ಯಾಶ್‌ಬೋರ್ಡಿನ ಒಳಗೆಲ್ಲೋ 'ಕಟಕ್' ಎನ್ನುತ್ತಿತ್ತು. ಬೇರೆಯವರಾದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದರು. ಆದರೆ ಗೂಳಪ್ಪನದು ಬಳೆಗಾರನ ಕಿವಿ. ಡಜನ್ ಬಳೆಯಲ್ಲಿ ಒಂದು ಬಿರುಕು ಬಿಟ್ಟಿದ್ದರೂ ಸದ್ದಿನಲ್ಲೇ ಹಿಡಿಯುವವನು. ಊರಿನ ಮೆಕ್ಯಾನಿಕ್ ಮೌಲಾಸಾಬನ ಗ್ಯಾರೇಜಿಗೆ ಕಾರು ಒಯ್ದ. ಗ್ಯಾರೇಜಿನ ಬಾಗಿಲಿಗೆ ಬಂದ ಕೂಡಲೇ ಸದ್ದು ಬಾಯಿ ಮುಚ್ಚಿತು. ಮೌಲಾಸಾಬ ಬಗ್ಗಿ ನೋಡಿದ, ಮಲಗಿ ನೋಡಿದ, ಸದ್ದಿಲ್ಲ. ಮನೆಗೆ ಹೊರಟು ಹುಣಸೆಮರ ದಾಟಿದರೆ ಕಟಕ್. ತಿರುಗಿ ತಂದರೆ ಸದ್ದಿಲ್ಲ. ಮನೆಗೆ ಒಯ್ದರೆ ಕಟಕ್. ಹೀಗೆ ಒಂಬತ್ತು ಸಲ ಆಯಿತು.

ಆ ದೇಶದ ರಾಜನಿಗೆ ಹೋಲಿಕೆಯ ಹುಚ್ಚು. ಎರಡು ಬಾಳೆಹಣ್ಣು ತರಿಸಿ, ಹೋಲಿಸಿ, ಕಡಿಮೆ ಬಿದ್ದದ್ದನ್ನು ಸೆರೆಮನೆಗೆ ಹಾಕಿಸುತ್ತಿದ್ದ. ಒಮ್ಮೆ ತನ್ನ ಮೀಸೆಯ ಎಡಬಲಗಳನ್ನು ಹೋಲಿಸಿ, ಎಡಗಡೆಯದು ಕೀಳೆಂದು ಬೋಳಿಸಿಬಿಟ್ಟಿದ್ದ. ಅಂಥವನ ಕಿವಿಗೆ ಈ ಕಾರುಗಳ ಸುದ್ದಿ ಬಿತ್ತು. ಸೋಮವಾರ ಬರುತ್ತೇನೆ, ಎರಡರಲ್ಲೂ ಕೂತು ಒಂದೊಂದು ಸುತ್ತು ಹೋಗುತ್ತೇನೆ, ಸದ್ದು ಮಾಡಿದ್ದು ಕೀಳು, ಕೀಳಾದದ್ದನ್ನು ಕರಗಿಸಿ ಅರಮನೆಗೆ ಜಿಲೇಬಿ ಬಾಣಲೆ ಮಾಡಿಸುತ್ತೇನೆ ಎಂದು ಡಂಗುರ ಸಾರಿಸಿದ.

ಗೂಳಪ್ಪ ಅನ್ನ ಬಿಟ್ಟು ಯೋಚಿಸಿದ. ಸದ್ದಿಗೆ ಮೌಲಾಸಾಬನ ಹೆದರಿಕೆ. ಹಾಗಾದರೆ ಮೌಲಾಸಾಬನೇ ಕಾರಿನಲ್ಲಿ ಕೂತರಾಯಿತು. ಮೌಲಾಸಾಬ ಗಡ್ಡ ಕೆರೆದುಕೊಂಡು, ಮಾತು ಸರಿಯಿದೆ ಎಂದು ಹಿಂದಿನ ಸೀಟಿನಲ್ಲಿ ಕೂತ. ಸದ್ದು ನಿಂತಿತು. ಮೂರು ದಿನ ಅವನು ಅಲ್ಲೇ ಕೂತ, ಮೂರು ದಿನ ಗೂಳಪ್ಪ ಹೊಟ್ಟೆ ತುಂಬ ಉಂಡ.

ಸೋಮವಾರ ರಾಜ ಬಂದ. ಹಿಂದಿನ ಸೀಟಿನಲ್ಲಿ ಇವನಾರು ಎಂದು ಕೇಳಿದ. ಇವರಿಲ್ಲದೆ ಕಾರು ಸರಿಯಾಗಿ ನಡೆಯುವುದಿಲ್ಲ ಎಂದ ಗೂಳಪ್ಪ. ಯಾವುದಿಲ್ಲದೆ ಕಾರು ನಡೆಯುವುದಿಲ್ಲವೋ ಅದು ಬಿಡಿಭಾಗ ಎಂದು ರಾಜ ತೀರ್ಪು ಕೊಟ್ಟ. ಅರಮನೆಯ ಗುಮಾಸ್ತ ಕಾರಿನ ಪುಸ್ತಕ ತೆರೆದು, ಜಾಕು ಒಂದು, ಸ್ಟೆಪ್ನಿ ಒಂದು ಎಂದಿದ್ದ ಕಡೆ 'ಮೌಲಾಸಾಬ ಒಂದು' ಎಂದು ಸೇರಿಸಿದ. ಸುದ್ದಿ ತಿಳಿದ ಮೌಲಾಸಾಬನ ಹೆಂಡತಿ ಬುತ್ತಿಯ ಬದಲು ಗ್ರೀಸಿನ ಡಬ್ಬಿ ಕಳಿಸಿದಳು. ಬಿಡಿಭಾಗಕ್ಕೆ ರೊಟ್ಟಿ ಯಾಕೆ?

ಕೆಲಸ ಕೆಟ್ಟದ್ದು ಇಲ್ಲೇ ನೋಡಿ. ಸದ್ದು ಹೆದರುತ್ತಿದ್ದದ್ದು ಮೆಕ್ಯಾನಿಕ್ಕಿಗೆ. ಬಿಡಿಭಾಗಕ್ಕೆ ಯಾವ ಸದ್ದು ಹೆದರುತ್ತದೆ? ರಾಜನನ್ನು ಕೂರಿಸಿಕೊಂಡು ಹೊರಟ ಕಾರು ಹುಣಸೆಮರ ಬರುವ ಮೊದಲೇ ಕಟಕ್ ಎಂದಿತು. ಮೌಲಾಸಾಬನ ಮುಖದೆದುರೇ ಎಂದಿತು. ತಿರುಗಿ ಬರುವಷ್ಟರಲ್ಲಿ ಕಮ್ಮಾರರು ದಾರ ಹಿಡಿದು ನಿಂತಿದ್ದರು. ಅವರು ಕೆಂಪು ಬಾನೆಟ್ಟನ್ನು ಅಳೆಯುವುದನ್ನು ಕಂಡು ಗೂಳಪ್ಪನಿಗೆ ದುಃಖ ತಡೆಯಲಾಗಲಿಲ್ಲ. ಅವನು ಎಲ್ಲರೆದುರೇ ಅತ್ತ.

ಸೋತವನು ಗೆಲ್ಲುವ ಕಾರಿನಲ್ಲಿ ಕೂತು ನೋಡಲಿ ಎಂದು ರಾಜ ಅವನನ್ನೂ ನೀಲಿ ಕಾರಿನ ಹಿಂದಿನ ಸೀಟಿಗೆ ಹತ್ತಿಸಿದ. ತಿಪ್ಪವ್ವ ಸ್ಟೇರಿಂಗ್ ಹಿಡಿದಳು. ನೀಲಿ ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ಗುಂಡಿ ಬಂತು, ಸದ್ದಿಲ್ಲ. ಇನ್ನೊಂದು ಗುಂಡಿ ಬಂತು, ಸದ್ದಿಲ್ಲ. ಹುಣಸೆಮರ ಬಂತು.

ಕಟಕ್.

ರಾಜ ಬೆಚ್ಚಿದ. ಮುಂದಿನ ಗುಂಡಿಗೆ ಮತ್ತೆ ಕಟಕ್. ಆದರೆ ಬಳೆಗಾರನ ಕಿವಿಗೆ ಗೊತ್ತಾಯಿತು, ಅದು ಕಾರಿನ ಸದ್ದಲ್ಲ. ಗೂಳಪ್ಪ ಕನ್ನಡಿಯಲ್ಲಿ ನೋಡಿದ. ತಿಪ್ಪವ್ವನ ಎಲೆ ಅಡಿಕೆಯ ಕೆನ್ನೆ ಅಲುಗುತ್ತಿತ್ತು. ಈಗ ಗುಂಡಿ ಬಂದಾಗಲೆಲ್ಲ ಅವಳು ನಾಲಿಗೆಯನ್ನು ಅಂಗುಳಿಗೆ ಹೊಡೆಯುತ್ತಿದ್ದಳು.

ಎರಡೂ ಕಟಕ್ ಎಂದ ಮೇಲೆ ಕೀಳು ಯಾವುದು? ಕೀಳಿಲ್ಲದೆ ಬಾಣಲೆ ಎಲ್ಲಿಂದ? ರಾಜ ಉಳಿದ ಅರ್ಧ ಮೀಸೆಯನ್ನು ತಿರುವುತ್ತ ಹೊರಟುಹೋದ. ಅರಮನೆಯಲ್ಲಿ ಆ ವರ್ಷ ಜಿಲೇಬಿ ಆಗಲಿಲ್ಲ. ನೀಲಿ ಕಾರಿನ ಸದ್ದು ತೆಗೆಯಲು ಮೆಕ್ಯಾನಿಕ್ ಬೇಕಲ್ಲ, ಅದಕ್ಕಾಗಿ ಗುಮಾಸ್ತ ಮೌಲಾಸಾಬನ ಹೆಸರನ್ನು ಪುಸ್ತಕದಿಂದ ಹೊಡೆದುಹಾಕಿದ. ಮೌಲಾಸಾಬ ನೀಲಿ ಕಾರಿಗೆ ಕಿವಿಗೊಟ್ಟ. ಸದ್ದು ಬರಲಿಲ್ಲ. ತನ್ನ ಮುಂದೆ ಯಾವ ಸದ್ದೂ ಬರುವುದಿಲ್ಲ ಎಂದು ಹೆಮ್ಮೆಪಟ್ಟು ರೊಟ್ಟಿ ತಿನ್ನಲು ಹೋದ.

ಮರುದಿನ ಚಹಾದ ಹೊತ್ತಿಗೆ ಗೂಳಪ್ಪ ಲೋಟ ಹಿಡಿದು ಅಂಗಳಕ್ಕೆ ಬಂದು ತಿಪ್ಪವ್ವನನ್ನು ಕೇಳಿದ.

"ಅಕ್ಕಾರ, ರಾಜಾ ಸಿಟ್ಟಿಗೆದ್ದು ಎರಡೂ ಕರಗಸ್ರಿ ಅಂದಿದ್ರ ಏನ್ ಮಾಡ್ತಿದ್ರಿ?"

"ನಿಂದ ಕರಗಿ ಹೋಗಿದ್ರ ನಂದು ಯಾವುದಕ್ಕಿಂತ ಚಲೋ ಇರತಿತ್ತೋ ತಮ್ಮಾ?"

ತಿಪ್ಪವ್ವ ಲೋಟ ಖಾಲಿ ಮಾಡಿದಳು.

"ಆದ್ರೂ ಕಟಕ್ ಅನ್ನೂದ್ರಾಗ ನಂದ ಮೇಲು" ಎಂದಳು.

ಗೂಳಪ್ಪ ಒಪ್ಪಲಿಲ್ಲ. ಕೆಂಪಿನದು ಒಂದು ಗುಲಗಂಜಿ ಹೆಚ್ಚು ಗಟ್ಟಿ ಎಂದು ವಾದಕ್ಕೆ ಕೂತ. ನೀತಿ ಬೇಕೆನ್ನುವವರಿಗೆ ಇಷ್ಟು: ಬದುಕಿರುವ ಮೆಕ್ಯಾನಿಕ್ಕನ್ನು ಪುಸ್ತಕದಲ್ಲಿ ಬರೆಯಬಾರದು. ಅವರ ವಾದ ಇನ್ನೂ ಮುಗಿದಿಲ್ಲ, ನಮ್ಮ ಬಸ್ಸು ಇನ್ನೂ ಬಂದಿಲ್ಲ.